ನಿಜ ಹೇಳಿ, ನಿಮಗೆ ಯಾವುದು ಇಷ್ಟ?

ಓದುಗರ ಪ್ರಶ್ನೆಗಳಿಗೆ ಹಾಸನದಿಂದ ಸಂಗೀತದ ಟೀಚರ್ ಉತ್ತರ

ಪ್ರಶ್ನೆ: ಟೀಚರ್, ನನಗೀಗ ಐವತ್ತಾರು. ಮದುವೆಗೆ ಮುಂಚೆ ಹತ್ತು ವರ್ಷ ಪಾಠ ಹೇಳಿಸಿಕೊಂಡಿದ್ದೆ. ಆಮೇಲೆ ತೋಟ, ಆಳುಕಾಳು, ಮಕ್ಕಳು ಅಂತ ಹಾಡುವುದು ನಿಂತೇಹೋಯಿತು, ಕೇಳುವುದು ಮಾತ್ರ ಬಿಟ್ಟಿಲ್ಲ. ಮೊನ್ನೆ ಇಲ್ಲಿ ಒಂದು ಸಂಗೀತ ಕಾರ್ಯಕ್ರಮದವರು ಎಲ್ಲರ ಕೈಗೂ ಒಂದು ಹಾಳೆ ಕೊಟ್ಟು, ‘ನಿಮಗೆ ಎಲ್ಲಕ್ಕಿಂತ ಇಷ್ಟವಾದ ಒಂದೇ ಒಂದು ಶಾಸ್ತ್ರೀಯ ಕೃತಿಯ ಹೆಸರು ಬರೆಯಿರಿ’ ಅಂದರು. ಎರಡು ದಿನ ಯೋಚನೆ ಮಾಡಿ ‘ಎಂದರೋ ಮಹಾನುಭಾವುಲು’ ಅಂತ ಬರೆದುಕೊಟ್ಟೆ. ಆದರೆ ದಿನಾ ನನ್ನ ಬಾಯಲ್ಲಿ ಬರುವುದು ‘ಜಗದೋದ್ಧಾರನ’. ಅದನ್ನು ಬರೆದರೆ ‘ಹತ್ತು ವರ್ಷ ಕಲಿತು ಇಷ್ಟೇನಾ’ ಅಂದುಕೊಂಡಾರು ಅನ್ನಿಸಿತು. ಈಗ ಸುಳ್ಳು ಹೇಳಿದ ಹಾಗೆ ಕಸಿವಿಸಿ. ಒಂದನ್ನೇ ಆರಿಸುವುದು ಹೇಗೆ? ನಿಮ್ಮದು ಯಾವುದು?
– ಓದುಗಿ, ಆಲ್ದೂರು

ಉತ್ತರ: ಅಮ್ಮಾ, ಮೊದಲು ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ‘ಎಂದರೋ ಮಹಾನುಭಾವುಲು ಅಂದರಿಕಿ ವಂದನಮುಲು’ ಅಂದರೆ ಏನು? ಎಷ್ಟೋ ಜನ ಮಹಾನುಭಾವರಿದ್ದಾರೆ, ಎಲ್ಲರಿಗೂ ನಮಸ್ಕಾರ ಅಂತ. ಅವರು ಒಂದನ್ನು ಆರಿಸಿ ಅಂದರು, ನೀವು ‘ಎಲ್ಲರಿಗೂ ನಮಸ್ಕಾರ’ ಅಂತ ಬರೆದುಕೊಟ್ಟಿರಿ! ಅದಕ್ಕಿಂತ ಜಾಣ ಉತ್ತರ ಇನ್ನೊಂದಿಲ್ಲ.

ಶ್ರೀರಾಗದ ಆ ಕೃತಿ ತ್ಯಾಗರಾಜರ ಐದು ಪಂಚರತ್ನ ಕೃತಿಗಳಲ್ಲಿ ಒಂದು. ಅವರ ಆರಾಧನೆಯಲ್ಲಿ ನೂರಾರು ಜನ ಒಟ್ಟಿಗೆ ಕೂತು ಹಾಡುವಾಗ ಮೈ ಜುಮ್ಮೆನ್ನುತ್ತೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ದೊಡ್ಡದು ಅನ್ನುವುದು ಬೇರೆ, ನಮ್ಮದು ಅನ್ನುವುದು ಬೇರೆ. ‘ಜಗದೋದ್ಧಾರನ’ ಕಛೇರಿಯ ಕೊನೆಗೆ, ಮೃದಂಗದವರು ಒಂಟಿಯಾಗಿ ನುಡಿಸುವ ತನಿ ಆವರ್ತನ ಮುಗಿದು ಅರ್ಧ ಜನ ಚಪ್ಪಲಿ ಹುಡುಕುತ್ತಿರುವಾಗ ಬರುವ ತುಕ್ಕಡ, ಅಂದರೆ ಹಗುರವಾದ ಸಣ್ಣ ಹಾಡು. ಅದಕ್ಕೇ ಅಲ್ವಾ ನಿಮಗೆ ಸಂಕೋಚ? ಊಟದ ಕೊನೆಗೆ ಬರುತ್ತೆ ಅಂತ ಮೊಸರನ್ನ ಕಡಿಮೆಯಾ? ಜಗತ್ತನ್ನೇ ಉದ್ಧಾರ ಮಾಡುವವನನ್ನು ಯಶೋದೆ ಮಗು ಅಂತ ಎತ್ತಿ ಆಡಿಸುತ್ತಾಳೆ. ಪುರಂದರದಾಸರು ಅಷ್ಟು ದೊಡ್ಡ ವಿಷಯವನ್ನು ಅಂಗಳದ ಮಾತಿನಲ್ಲಿ ಹೇಳಿದ್ದಾರೆ. ಕಾಪಿ ರಾಗ ಅದಕ್ಕೆ ಎಷ್ಟು ಹೊಂದಿಕೊಂಡಿದೆ ಅಂದರೆ, ಬೇರೆ ರಾಗದಲ್ಲಿ ಆ ಸಾಲು ನೆನಪಿಸಿಕೊಳ್ಳೋಕೂ ಆಗುವುದಿಲ್ಲ. ಬಿ.ಎಸ್. ರಾಜಯ್ಯಂಗಾರ್ಯರ ದನಿಯಲ್ಲಿ ಗ್ರಾಮಫೋನ್ ತಟ್ಟೆಯಲ್ಲಿ ಬಂದಾಗ ಅದನ್ನು ಕೇಳಿದವರಲ್ಲಿ ಯಾರೂ ‘ಇಷ್ಟೇನಾ’ ಅಂದಿರಲಾರರು.

ದೊಡ್ಡದನ್ನು ಆರಿಸಿ ಪಾಡುಪಟ್ಟ ಕಥೆ ನನ್ನದೂ ಒಂದಿದೆ. ನನಗಾಗ ಹದಿನೇಳು. ಹಾಸನದಲ್ಲಿ ಒಂದು ಸ್ಪರ್ಧೆ, ‘ನಿಮಗೆ ಇಷ್ಟವಾದ ಒಂದು ಕೃತಿ’ ಹಾಡಬೇಕು. ನನಗೆ ಚೆನ್ನಾಗಿ ಬರುತ್ತಿದ್ದದ್ದು ಬೇರೆ. ಆದರೆ ತೋಡಿ ರಾಗ ಹಾಡಿದರೆ ತೀರ್ಪುಗಾರರು ತಲೆದೂಗುತ್ತಾರೆ ಅಂತ ಯಾರೋ ಹೇಳಿದ್ದರು, ಸರಿ ಅಂತ ‘ಕದ್ದನುವಾರಿಕಿ’ ಎತ್ತಿಕೊಂಡೆ. ತೋಡಿಯ ಗಾಂಧಾರ ಇದೆಯಲ್ಲ, ಅದು ನೆಟ್ಟಗೆ ಒಂದು ಕಡೆ ನಿಲ್ಲುವ ಸ್ವರ ಅಲ್ಲ, ಉಯ್ಯಾಲೆ ಹಾಗೆ ಆಡಬೇಕು. ನನ್ನದು ಆಡಲಿಲ್ಲ, ನಡುಗಿತು. ಚರಣಕ್ಕೆ ಬರುವ ಹೊತ್ತಿಗೆ ಸಾಹಿತ್ಯ ಮರೆತು, ಪಲ್ಲವಿ ಆದಮೇಲೆ ಬರುವ ಅನುಪಲ್ಲವಿಯನ್ನೇ ಎರಡನೇ ಸಲ ಹಾಡಿ ಎದ್ದುಬಂದೆ. ಮೃದಂಗದವರು ಮಾತ್ರ ಏನೂ ಆಗಿಲ್ಲವೆಂಬಂತೆ ಮುಕ್ತಾಯ ಕೊಟ್ಟರು, ಪುಣ್ಯಾತ್ಮರು. ಆಮೇಲೆ ತೀರ್ಪುಗಾರರಲ್ಲಿ ಒಬ್ಬರು ಕರೆದು, ‘ಮಗೂ, ಇದು ನಿನಗೆ ಇಷ್ಟಾನಾ?’ ಅಂತ ಕೇಳಿದರು. ಬೈದಿದ್ದರೆ ವಾಸಿ ಇತ್ತು.

ನನಗೆ ಬರುತ್ತಿದ್ದ ‘ಬೇರೆ’ ಅಂದರೆ ‘ನಿಧಿ ಚಾಲ ಸುಖಮಾ’. ಕಲ್ಯಾಣಿ ರಾಗ, ಮಿಶ್ರಛಾಪು ತಾಳ, ತ್ಯಾಗರಾಜರದ್ದು. ಇವತ್ತು ಯಾರು ಕೇಳಿದರೂ ನನ್ನ ಒಂದೇ ಒಂದು ಅದೇ.

ಅದನ್ನು ಕಲಿತಾಗ ನನಗೆ ಹನ್ನೆರಡು. ಹೊಳೆನರಸೀಪುರದ ಕಡೆ ನಮ್ಮೂರು. ಮೇಷ್ಟ್ರು ಮನೆಗೇ ಬಂದು ಪಾಠ ಹೇಳುತ್ತಿದ್ದರು, ನಡುಮನೆಯಲ್ಲಿ ಚಾಪೆ, ಪಕ್ಕದಲ್ಲಿ ಶ್ರುತಿಪೆಟ್ಟಿಗೆ. ಆ ಕೃತಿ ಪೂರ್ತಿ ಪ್ರಶ್ನೆಗಳೇ. ನಿಧಿ ಸುಖವೋ, ರಾಮನ ಸನ್ನಿಧಿಯ ಸೇವೆ ಸುಖವೋ, ‘ನಿಜಮುಗ ಪಲ್ಕು ಮನಸಾ’, ನಿಜವಾಗಿ ಹೇಳು ಮನಸೇ. ಆಮೇಲೆ ಅನುಪಲ್ಲವಿ: ‘ದಧಿ ನವನೀತ ಕ್ಷೀರಮುಲು ರುಚಿಯೋ’, ಮೊಸರು ಬೆಣ್ಣೆ ಹಾಲು ರುಚಿಯೋ, ದಾಶರಥಿಯ ಧ್ಯಾನ ಭಜನೆಯ ಅಮೃತ ರುಚಿಯೋ? ಮೇಷ್ಟ್ರು ಅರ್ಥ ಹೇಳಿ, ‘ಈಗ ನೀನು ಹೇಳು, ಯಾವುದು ರುಚಿ?’ ಅಂದರು. ಅದೇ ಹೊತ್ತಿಗೆ ಅಡಿಗೆಮನೆಯಲ್ಲಿ ಅಮ್ಮ ಮಜ್ಜಿಗೆ ಕಡೆಯುತ್ತಿದ್ದರು. ಕಡಗೋಲಿನ ಸದ್ದು ಮೊದಲು ನೀರು ನೀರಾಗಿ ಇರುತ್ತೆ, ಬೆಣ್ಣೆ ಕಟ್ಟುತ್ತಾ ಬಂದ ಹಾಗೆ ಭಾರವಾಗುತ್ತೆ, ಆಗ ಗಡಿಗೆಯ ಬಾಯಿಂದ ಒಂದು ಹುಳಿವಾಸನೆ ಏಳುತ್ತೆ. ಸದ್ದು ಆಗಷ್ಟೇ ಭಾರ ಆಗಿತ್ತು. ನಾನು ‘ಬೆಣ್ಣೆ, ಮೇಷ್ಟ್ರೇ’ ಅಂದುಬಿಟ್ಟೆ.

ಅವರು ತಾಳ ನಿಲ್ಲಿಸಿದರು. ಬೈಗುಳ ಗ್ಯಾರಂಟಿ ಅಂತ ನಾನು ಕಾಲು ಮುದುರಿಕೊಂಡೆ. ಅವರು ಒಳಗೆ ಕೇಳುವ ಹಾಗೆ ‘ಅಮ್ಮಾ, ಈ ಮಗೂಗೆ ಒಂದು ಉಂಡೆ ಬೆಣ್ಣೆ ಕೊಡಿ, ನಿಜ ಹೇಳು ಅಂದದ್ದಕ್ಕೆ ನಿಜ ಹೇಳಿದ್ದಾಳೆ’ ಅಂದರು. ಬೆಣ್ಣೆ ಮೆತ್ತಿದ ಕೈಯಲ್ಲೇ ತಾಳ ಹಾಕಿಕೊಂಡು ಉಳಿದ ಪಾಠ ಆಯಿತು, ತೊಡೆಯೆಲ್ಲಾ ಜಿಡ್ಡು.

ಈಗ ‘ಹೇಗೆ ಆರಿಸುವುದು’ ಅನ್ನುವುದಕ್ಕೆ ಬರುತ್ತೇನೆ. ಬಾಯಲ್ಲಿ ಬರುವುದೆಲ್ಲಾ ಇಷ್ಟದ್ದು ಅನ್ನೋಕಾಗಲ್ಲ, ನನ್ನ ಬಾಯಲ್ಲಿ ಸೋಪಿನ ಜಾಹೀರಾತೂ ಬರುತ್ತೆ. ನಾನು ನೋಡುವುದು ಎರಡು. ಒಂದು, ಯಾರಾದರೂ ಕೆಟ್ಟದಾಗಿ ಹಾಡಿದಾಗಲೂ ಎದ್ದುಹೋಗದೆ ಕೂರುತ್ತೀರಾ? ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ, ಈ ಕೃತಿಯನ್ನು ಶ್ರುತಿ ಬಿಟ್ಟು, ತಾಳ ಬಿಟ್ಟು, ‘ಸುಖಮಾ’ವನ್ನು ‘ಸುಕಮ್ಮಾ’ ಮಾಡಿ ಹಾಡಿದ್ದನ್ನೆಲ್ಲಾ ಕೇಳಿದ್ದೇನೆ. ಹಳಸಿಲ್ಲ. ಎರಡು, ಅದರಲ್ಲಿ ನೀವು ಕಾಯುವ ಜಾಗ ಯಾವುದು ಅಂತ ಬೆರಳಿಟ್ಟು ತೋರಿಸೋಕೆ ಆಗುತ್ತಾ? ‘ತುಂಬಾ ಚೆನ್ನಾಗಿದೆ’ ಅಂದರೆ ಸಾಲದು, ಒಂದು ಸಾಲು, ಒಂದು ಸಂಗತಿ (ಅದೇ ಸಾಲನ್ನು ಬೇರೆ ಥರ ತಿರುವಿ ಹಾಡುವುದು) ಬೇಕು. ನನಗೆ ಅದು ‘ನಿಜಮುಗ’ ಅನ್ನುವ ಜಾಗ. ನಿಮಗೆ ‘ಆಡಿಸಿದಳೆಶೋದೆ’ ಇರಬಹುದು ಅಂತ ನನ್ನ ಊಹೆ.

ಹಾಳೆ ಕೊಟ್ಟಾಗಿದೆ, ಬಿಡಿ. ಆದರೆ ಮುಂದಿನ ಸಲ ಅವರು ಸಿಕ್ಕಾಗ ‘ಆ ಹೆಸರು ಹೊಡೆದುಹಾಕ್ರೀ’ ಅಂತ ಹೇಳಿದರೆ ಏನೂ ತಪ್ಪಿಲ್ಲ.

ಪ್ರಶ್ನೆ: ಸಂಗೀತಗಾರರ ಊರು ರುದ್ರಪಟ್ಟಣ ನಮ್ಮ ತಾಲ್ಲೂಕಿನದೇ. ಆದರೂ ನಮ್ಮ ಮನೆಯಲ್ಲಿ ಯಾರಿಗೂ ಸಂಗೀತ ಗೊತ್ತಿಲ್ಲ. ಕೃತಿಗಳೆಲ್ಲಾ ತೆಲುಗು, ಸಂಸ್ಕೃತ. ಅರ್ಥವೇ ಆಗದೆ ಒಂದನ್ನು ‘ಇಷ್ಟ’ ಅಂತ ಹೇಳಬಹುದಾ?
– ಓದುಗರು, ಅರಕಲಗೂಡು

ಉತ್ತರ: ಧಾರಾಳವಾಗಿ. ಮಗು ಜೋಗುಳದ ಅರ್ಥ ಕೇಳಿ ಮಲಗುತ್ತದೆಯೇ? ಆದರೂ ಒಂದು ಮಾತು. ಪೂರ್ತಿ ಬೇಡ, ಪಲ್ಲವಿಯ ಒಂದು ಸಾಲಿನ ಅರ್ಥ ತಿಳಿದುಕೊಳ್ಳಿ. ನನ್ನ ಕೃತಿಯನ್ನೇ ನೋಡಿ, ‘ನಿಧಿ’, ‘ಸುಖ’, ‘ಸನ್ನಿಧಿ’, ‘ಸೇವೆ’, ‘ನಿಜ’, ‘ಮನಸು’, ಇದರಲ್ಲಿ ಕನ್ನಡದವರಿಗೆ ಗೊತ್ತಿಲ್ಲದ್ದು ಯಾವುದು? ‘ಚಾಲ’ ಅಂದರೆ ತುಂಬಾ, ‘ಪಲ್ಕು’ ಅಂದರೆ ಹೇಳು. ಅಲ್ಲಿಗೆ ಮುಗಿಯಿತು. ತಂಜಾವೂರಿನ ಅರಸ ಕಾಣಿಕೆ ಕಳಿಸಿ ಆಸ್ಥಾನಕ್ಕೆ ಕರೆದಾಗ ತ್ಯಾಗರಾಜರು ಒಲ್ಲೆ ಅಂದು ಇದನ್ನು ಹಾಡಿದರು ಅಂತ ಕಥೆ ಹೇಳುತ್ತಾರೆ.

ಮೈಸೂರು ವಾಸುದೇವಾಚಾರ್ಯರು (1865–1961) ನಮ್ಮವರೇ, ಆದರೂ ಖಮಾಚ್ ರಾಗದ ‘ಬ್ರೋಚೇವಾರೆವರುರಾ’ ಬರೆದದ್ದು ತೆಲುಗಿನಲ್ಲಿ. ‘ನನ್ನನ್ನು ಕಾಪಾಡುವವರು ಯಾರು’ ಅಂತ ಅಷ್ಟೇ. ಮೊದಲ ಸಲ ಕೇಳುವವರಿಗೂ ಬೇಗ ಹತ್ತಿರವಾಗುತ್ತೆ, ಅದರಿಂದ ಶುರುಮಾಡಿ. ಕನ್ನಡವೇ ಬೇಕು ಅಂದರೆ ದಾಸರ ಪದಗಳು ಇದ್ದೇ ಇವೆ, ಅದಕ್ಕೆ ನನ್ನ ಶಿಫಾರಸು ಬೇಕಿಲ್ಲ.

ಇನ್ನೊಂದು, ಸಂಗೀತ ಗೊತ್ತಿಲ್ಲ ಅಂತ ರುದ್ರಪಟ್ಟಣಕ್ಕೆ ಹೋಗದೆ ಇರಬೇಡಿ. ಗಾಯಕ ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಆ ಊರಲ್ಲಿ. ರುದ್ರಪಟ್ಟಣಂ ಸಹೋದರರು, ಆರ್.ಕೆ. ಪದ್ಮನಾಭ, ಹೀಗೆ ಒಂದು ಸಣ್ಣ ಊರಿನಿಂದ ಎಷ್ಟು ಜನ! ತಂಬೂರಿಯ ಆಕಾರದಲ್ಲೇ ಕಟ್ಟಿದ ಮಂದಿರ ಇದೆ, ಹತ್ತಿರದಲ್ಲೇ ಕಾವೇರಿ. ಅದೇ ನೀರು ಹರಿದು ಹರಿದು ತ್ಯಾಗರಾಜರಿದ್ದ ತಿರುವೈಯಾರಿಗೂ ಹೋಗುತ್ತೆ. ಹೊಳೆದಂಡೆಯಲ್ಲಿ ಕೂತು ಮೊಬೈಲಿನಲ್ಲೇ ಒಂದು ಕೃತಿ ಕೇಳಿ ಬನ್ನಿ.

ಪ್ರಶ್ನೆ: ನನಗೆ ಇಷ್ಟವಾಗುವುದು ಕೃತಿಯೋ, ರಾಗವೋ, ಇಲ್ಲಾ ಹಾಡಿದವರೋ ಅಂತ ಹೇಗೆ ಗೊತ್ತಾಗಬೇಕು?
– ಕಾಲೇಜು ವಿದ್ಯಾರ್ಥಿನಿ, ಹಾಸನ

ಉತ್ತರ: ಒಳ್ಳೆ ಪ್ರಶ್ನೆ ಕಣಮ್ಮಾ. ಪರೀಕ್ಷೆ ಸುಲಭ. ಅದೇ ರಾಗದ ಇನ್ನೆರಡು ಕೃತಿ ಕೇಳು. ಕಲ್ಯಾಣಿ ಅಂದರೆ ತ್ಯಾಗರಾಜರ ‘ಏತಾವುನರಾ’ ಕೇಳು, ಶ್ಯಾಮಾಶಾಸ್ತ್ರಿಗಳ ‘ಹಿಮಾದ್ರಿಸುತೇ’ ಕೇಳು. ಮೂರೂ ಒಂದೇ ಹಾಗೆ ಹಿಡಿಸಿದರೆ ನಿನಗೆ ಕಲ್ಯಾಣಿ ಇಷ್ಟ. ಆಮೇಲೆ ಒಂದೇ ಕೃತಿಯನ್ನು ನಾಲ್ಕು ಜನರ ದನಿಯಲ್ಲಿ ಕೇಳು, ಜೊತೆಗೆ ವೀಣೆಯಲ್ಲೋ ಕೊಳಲಲ್ಲೋ ಒಂದು ಸಲ. ಮಾತಿಲ್ಲದೆಯೂ ಹಿಡಿಸಿದರೆ ಕೃತಿ ಇಷ್ಟ. ಒಬ್ಬರು ಹಾಡಿದ್ದು ಬಿಟ್ಟು ಬೇರೆ ಯಾರದ್ದೂ ಆಗಲ್ಲ ಅಂದರೆ ನಿನಗೆ ಅವರು ಇಷ್ಟ, ಅದರಲ್ಲೂ ನಾಚಿಕೆ ಏನಿಲ್ಲ. ನಿನ್ನ ವಯಸ್ಸಿನಲ್ಲಿ ನನಗೂ ಹಾಗೇ ಇತ್ತು, ಹೆಸರು ಹೇಳಲ್ಲ.

ಪ್ರಶ್ನೆ: ಒಂದೇ ಕೃತಿ ಒಂದು ಕಡೆ 5 ನಿಮಿಷ, ಇನ್ನೊಂದು ಕಡೆ 50 ನಿಮಿಷ. ನಾನು ಯಾವುದನ್ನು ನನ್ನ ಇಷ್ಟದ್ದು ಅನ್ನಲಿ? ಗದ್ದೆ ಕೆಲಸ ಮಾಡುವವನು, ಟ್ರ್ಯಾಕ್ಟರಿನಲ್ಲಿ ಕೇಳುತ್ತೇನೆ.
– ಓದುಗರು, ಹೊಳೆನರಸೀಪುರ

ಉತ್ತರ: ಟ್ರ್ಯಾಕ್ಟರಿನ ಸದ್ದಿನಲ್ಲಿ ಕೇಳುತ್ತೀರಲ್ಲ, ನಿಮಗೊಂದು ದೊಡ್ಡ ನಮಸ್ಕಾರ.

ಕೃತಿ ಅಂತ ಇರುವುದು ಪಲ್ಲವಿ, ಅನುಪಲ್ಲವಿ, ಚರಣ, ಅದರ ಸಂಗತಿಗಳು. ಅದಕ್ಕೆ ಐದರಿಂದ ಹತ್ತು ನಿಮಿಷ ಸಾಕು. ಉಳಿದದ್ದು ಹಾಡುವವರು ಆಗಲೇ, ಅಲ್ಲೇ ಕಟ್ಟುವುದು. ಮುಂಚೆ ರಾಗಾಲಾಪನೆ (ಮಾತಿಲ್ಲದೆ ರಾಗ ಬಿಡಿಸುವುದು), ಮಧ್ಯೆ ನೆರವಲ್, ಆಮೇಲೆ ಕಲ್ಪನಾಸ್ವರ (ಸರಿಗಮದಲ್ಲೇ ಹೆಣೆಯುವುದು), ಕೊನೆಗೆ ಮೃದಂಗ ಘಟಂನವರ ತನಿ. (ತನಿ ಬಂದಾಗ ಕಾಫಿಗೆ ಎದ್ದುಹೋಗುವವರ ಮೇಲೆ ನನಗೆ ಹಳೇ ಸಿಟ್ಟಿದೆ. ಚಿಕ್ಕಮಗಳೂರಿನ ಕಾಫಿಯೇ ಆಗಲಿ, ಹತ್ತು ನಿಮಿಷ ತಡೆಯೋಕಾಗಲ್ವಾ?)

ಹಳೇ 78 ಆರ್‌ಪಿಎಂ ತಟ್ಟೆಯಲ್ಲಿ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದೇ ಸುಮಾರು 3 ನಿಮಿಷ. ದೊಡ್ಡ ದೊಡ್ಡ ವಿದ್ವಾಂಸರೂ ಅಷ್ಟರಲ್ಲೇ ಕೂರಿಸುವ ಹಾಗೆ ಹಾಡಬೇಕಿತ್ತು, ಸಂಗತಿ ಕಡಿಮೆ ಮಾಡಿ, ವೇಗ ಸ್ವಲ್ಪ ಏರಿಸಿ. ಆ 3 ನಿಮಿಷವನ್ನೇ ಪ್ರಾಣ ಬಿಟ್ಟು ಕೇಳಿದ ತಲೆಮಾರು ನಮ್ಮ ಹಿರಿಯರದ್ದು. ಹಾಗಾಗಿ ಚಿಕ್ಕದು ಅರೆಬರೆ ಅಂತ ಅಂದುಕೊಳ್ಳಬೇಡಿ.

ನೆರವಲ್ ಅಂದರೆ ಒಂದೇ ಸಾಲನ್ನು ಹಿಡಿದು, ಮಾತು ಮತ್ತು ತಾಳದ ಜಾಗ ಬದಲಿಸದೆ, ರಾಗವನ್ನು ಮಾತ್ರ ಸುತ್ತಿ ಸುತ್ತಿ ಬೆಳೆಸುವುದು. ‘ನಿಧಿ ಚಾಲ’ದಲ್ಲಿ ಸಾಮಾನ್ಯವಾಗಿ ‘ಮಮತಾ ಬಂಧನಯುತ ನರಸ್ತುತಿ ಸುಖಮಾ’ ಅನ್ನುವ ಸಾಲನ್ನು ಎತ್ತಿಕೊಳ್ಳುತ್ತಾರೆ. ಮನುಷ್ಯರನ್ನು ಹೊಗಳುವುದು ಸುಖವೋ ಅಂತ ಅದರ ಮಾತು. ಒಮ್ಮೆ ಒಂದು ಕಛೇರಿಯಲ್ಲಿ ಈ ನೆರವಲ್ ಅರ್ಧದಲ್ಲಿದ್ದಾಗ ನಿರೂಪಕರು ವೇದಿಕೆ ಪಕ್ಕ ಬಂದು, ಗಣ್ಯರು ಬಂದರು, ಸನ್ಮಾನ ಇದೆ, ಬೇಗ ಮುಗಿಸಿ ಅಂತ ಚೀಟಿ ಕೊಟ್ಟರು. ಹಾಡುತ್ತಿದ್ದವರು ಚೀಟಿ ಓದಿ, ಮಡಚಿ ತೊಡೆಯ ಕೆಳಗಿಟ್ಟುಕೊಂಡು, ಅದೇ ಸಾಲನ್ನು ಇನ್ನೂ ಕಾಲು ಗಂಟೆ ಹಾಡಿದರು. ನಾನು ಎರಡನೇ ಸಾಲಿನಲ್ಲಿ ಕೂತು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು. ಇದು 5 ನಿಮಿಷದ್ದರಲ್ಲಿ ಸಿಗಲ್ಲ ನೋಡಿ.

ಟ್ರ್ಯಾಕ್ಟರಿಗೆ ಚಿಕ್ಕದು, ರಾತ್ರಿಗೆ ದೊಡ್ಡದು. ಎರಡೂ ನಿಮ್ಮದೇ.

ಪ್ರಶ್ನೆ: ‘ನಗುಮೋಮು’ ನನ್ನ ಪ್ರಾಣ. ಆದರೆ ಈಗ ಎಲ್ಲರೂ ಅದನ್ನು ಹಾಡುವ ಆಭೇರಿ ರಾಗ ಸರಿಯಲ್ಲ ಅಂತ ನಮ್ಮ ನೆಂಟರೊಬ್ಬರು ಪ್ರತಿ ಸಲ ಮೂಗು ಮುರಿಯುತ್ತಾರೆ. ನನ್ನ ಇಷ್ಟವೇ ತಪ್ಪಾ?
– ಓದುಗಿ, ತರೀಕೆರೆ

ಉತ್ತರ: ನಿಮ್ಮ ನೆಂಟರು ಹೇಳುವುದರಲ್ಲಿ ವಿಷಯ ಇದೆ. ಹಳೇ ಆಭೇರಿಗೆ ಶುದ್ಧ ಧೈವತ, ಅಂದರೆ ತಗ್ಗಿನ ‘ದ’ ಸ್ವರ. ಇವತ್ತು ಬಹುತೇಕ ಎಲ್ಲರೂ ಹಾಡುವುದು ಅದಕ್ಕಿಂತ ಎತ್ತರದ ಚತುಶ್ರುತಿ ಧೈವತ ಇಟ್ಟುಕೊಂಡು. ಒಂದು ಸ್ವರ ಬದಲಾದರೆ ರಾಗದ ಮುಖವೇ ಬೇರೆ ಆಗುತ್ತೆ, ನಿಜ. ಹಾಗಂತ ಇಷ್ಟು ವರ್ಷ ಇಷ್ಟು ಜನರ ಮನಸ್ಸಿನಲ್ಲಿ ಕೂತದ್ದನ್ನು ಎಬ್ಬಿಸಿ ಕಳಿಸೋಕಾಗುತ್ತಾ? ಹಳೇ ಪದ್ಧತಿಯಲ್ಲಿ ಹಾಡಿದ್ದು ಸಿಕ್ಕಿದರೆ ಒಂದು ಸಲ ಕೇಳಿ, ಹೋಲಿಸಿ. ಬಂದ ನೆಂಟರಿಗೆ ಕಾಫಿ ಕೊಟ್ಟು ಸುಮ್ನೆ ಇರಿ.

ಪ್ರಶ್ನೆ: ಮಗನಿಗೆ ಹಿಂದೂಸ್ತಾನಿ ಹುಚ್ಚು, ನನಗೆ ಕರ್ನಾಟಕಿ. ಕಾರಿನಲ್ಲಿ ಹೋಗುವಾಗ ದಿನಾ ಜಗಳ. ಇಬ್ಬರಿಗೂ ಆಗುವಂಥ ಒಂದು ಹೇಳಿ.
– ಓದುಗರು, ಬೇಲೂರು

ಉತ್ತರ: ಹಂಸಧ್ವನಿ. ಮುತ್ತುಸ್ವಾಮಿ ದೀಕ್ಷಿತರ ತಂದೆ ರಾಮಸ್ವಾಮಿ ದೀಕ್ಷಿತರು ಕೊಟ್ಟ ರಾಗ. ಸ ರಿ ಗ ಪ ನಿ, ಐದೇ ಸ್ವರ. ನಿಮ್ಮ ಪಾಲಿಗೆ ಮುತ್ತುಸ್ವಾಮಿ ದೀಕ್ಷಿತರ ‘ವಾತಾಪಿ ಗಣಪತಿಂ’. ಅದೇ ರಾಗ ಉತ್ತರಕ್ಕೂ ಹೋಯಿತು, ಭೆಂಡಿಬಜಾರ್ ಘರಾಣೆಯ (ಹಿಂದೂಸ್ತಾನಿಯ ಒಂದು ಪರಂಪರೆ) ಅಮಾನ್ ಅಲಿ ಖಾನರ ‘ಲಾಗಿ ಲಗನ’ ಬಂದಿಶ್, ಅಂದರೆ ಅವರ ಕಡೆಯ ಕೃತಿ, ಅದರಲ್ಲೇ ಇದೆ, ಅದು ಮಗನ ಪಾಲಿಗೆ. ಹೋಗುವಾಗ ಒಂದು, ಬರುವಾಗ ಒಂದು. ಹಾಸನದಿಂದ ಬೇಲೂರಿಗೆ 40 ಕಿಲೋಮೀಟರ್ ಅಷ್ಟೇ, ಜಗಳಕ್ಕೆ ಟೈಮೇ ಸಾಲಲ್ಲ.

ಪ್ರಶ್ನೆ: ನಮ್ಮ ಮಾವನವರಿಗೆ 84. ಸಂಜೆಯಾದರೆ ‘ಕೃಷ್ಣಾ ನೀ ಬೇಗನೆ ಬಾರೋ’ ಹಾಕಬೇಕು, ಅದೂ ಮೂರು ಸಲ. ಬೇರೆ ಏನು ಹಾಕಿದರೂ ‘ಇದಲ್ಲ’ ಅಂತಾರೆ. ಅತ್ತೆಯವರಿಗೆ ಅದೇ ಹೊತ್ತಿಗೆ ಧಾರಾವಾಹಿ. ನಡುವೆ ನಾನು ಸಿಕ್ಕಿಹಾಕಿಕೊಂಡಿದ್ದೇನೆ.
– ಸೊಸೆ, ಸಕಲೇಶಪುರ

ಉತ್ತರ: ಈ ಸಲ ಬಂದ ಪತ್ರಗಳಲ್ಲೆಲ್ಲಾ ‘ಒಂದೇ ಒಂದು’ ಯಾವುದು ಅಂತ ಅನುಮಾನವೇ ಇಲ್ಲದವರು ನಿಮ್ಮ ಮಾವನವರೊಬ್ಬರೇ. ನಾನು ಅವರ ಪಾರ್ಟಿ.

ವ್ಯಾಸರಾಯರ ಪದ, ಯಮುನಾಕಲ್ಯಾಣಿ ರಾಗ. ನಿಧಾನವಾಗಿ ಹಾಡಿದರೆ ಒಂದು ಸಲಕ್ಕೇ ಏಳೆಂಟು ನಿಮಿಷ, ಮೂರು ಸಲಕ್ಕೆ ಹೆಚ್ಚುಕಡಿಮೆ ಅರ್ಧ ಗಂಟೆ. ಇಯರ್‌ಫೋನ್ ಕೊಡಬೇಡಿ, ಆ ವಯಸ್ಸಿನವರಿಗೆ ಜಾರುತ್ತೆ, ಸಿಟ್ಟು ಬರುತ್ತೆ. ಒಂದು ಸಣ್ಣ ಸ್ಪೀಕರ್ ತಂದು ಜಗುಲಿಯಲ್ಲಿ ಅವರ ಕುರ್ಚಿ ಪಕ್ಕ ಇಡಿ. ಟಿವಿ ಒಳಗೆ, ಕೃಷ್ಣ ಹೊರಗೆ. ನಿಮ್ಮ ಕಡೆ ಮಳೆ ಹಿಡಿದರೆ ಹೆಂಚಿನ ಸದ್ದಿಗೆ ಏನೂ ಕೇಳಿಸಲ್ಲ, ಆಗ ಮಾತ್ರ ಒಳಗೆ ಕರೆದುಕೊಂಡು ಬನ್ನಿ.

ಮೂರನೇ ಸಲ ಮುಗಿದ ಮೇಲೆ, ‘ಮಾವಾ, ಇದನ್ನು ಮೊದಲು ಎಲ್ಲಿ ಕೇಳಿದ್ರಿ?’ ಅಂತ ಒಂದು ದಿನ ಕೇಳಿ ನೋಡಿ. ಹೇಳಿದರೆ ನನಗೂ ಬರೆಯಿರಿ. ಅತ್ತೆಯವರು ಗೊಣಗಿದರೆ ಗೊಣಗಲಿ, ಧಾರಾವಾಹಿ ಹೇಗಿದ್ದರೂ ಈ ವರ್ಷ ಮುಗಿಯೋದಿಲ್ಲ.